ಜಡೆ ಮತ್ತು ಉಪ್ಪು: ಎರಡು ಕೊರಿಯನ್ ಕೃತಿಗಳಲ್ಲಿ ತುಮೆನ್ ಗಡಿ

ಕೊರಿಯದ ಈಶಾನ್ಯದ ಮೇರೆಯಾಗಿ ಹರಿಯುವ ತುಮೆನ್ ನದಿಯ ಉತ್ತರದ ನೆಲವನ್ನು ಕೊರಿಯನ್ನರು ಗಾಂದೊ ಎಂದು ಕರೆಯುತ್ತ ಬಂದಿದ್ದಾರೆ. ಅದರ ಬಹುಭಾಗ ಇಂದು ಚೀನದ ಯಾನ್‌ಬಿಯಾನ್ ಕೊರಿಯನ್ ಸ್ವಾಯತ್ತ ಪ್ರಾಂತದಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಈ ನದಿಯನ್ನು ದಾಟಿಹೋದ ರೈತರ ಬಾಳು ಕೊರಿಯನ್ ಸಾಹಿತ್ಯಕ್ಕೆ ಹಿರಿದಾದ ವಸ್ತುವನ್ನೊದಗಿಸಿದೆ. ಆ ವಸ್ತುವನ್ನು ಕುರಿತ ಎರಡು ಕೃತಿಗಳನ್ನು, ಎಂದರೆ ಆನ್ ಸೂಗಿಲ್ (1911–1977) ಅವರ ‘ಬುಕ್‌ಗಾಂದೊ’ ಕಾದಂಬರಿಯನ್ನೂ ಕಾಂಗ್ ಕ್ಯೊಂಗ್-ಏ (1906–1944) ಅವರ ‘ಉಪ್ಪು’ ಎಂಬ ನೀಳ್ಗತೆಯನ್ನೂ, ಜೊತೆಯಲ್ಲಿಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮೊದಲನೆಯದನ್ನು ನೆಲದ ಹಕ್ಕನ್ನು ಸಾರುವ ಕೃತಿಯೆಂದೂ ಎರಡನೆಯದನ್ನು ಬಡತನದ ಕಥೆಯೆಂದೂ ಬೇರ್ಪಡಿಸಿ ಓದುವುದು ಸುಲಭ. ಆದರೆ ಗಡಿಯ ಆಳ್ವಿಕೆ ನೆಲಕ್ಕಿಂತ ಹೆಚ್ಚಾಗಿ ಮನುಷ್ಯನ ಮೈಮೇಲೆ ನಡೆಯಿತೆಂಬ ಸಂಗತಿಯಲ್ಲಿ ಇವೆರಡೂ ಸಂಧಿಸುತ್ತವೆಂದು ನಾವು ಭಾವಿಸುತ್ತೇವೆ.

ಕೃತಿವಿಚಾರಕ್ಕೆ ಮೊದಲು ಇತಿಹಾಸವನ್ನು ಸಂಗ್ರಹವಾಗಿ ನೆನೆಯಬೇಕು. 1712ರಲ್ಲಿ ಪೆಕ್ತು ಪರ್ವತದ ಮೇಲೆ ನೆಟ್ಟ ಗಡಿಗಲ್ಲು ಎರಡು ರಾಜ್ಯಗಳ ಮೇರೆಯನ್ನು ಸೂಚಿಸಿತು. ಆದರೆ ಅದರಲ್ಲಿ ಹೇಳಿದ ಪೂರ್ವದ ನದಿ ಯಾವುದೆಂಬ ಬಗ್ಗೆ ಮುಂದೆ ವಿವಾದ ತಲೆದೋರಿತು. ಚೀನದ ಚಿಂಗ್ ಅರಸರು ಮಂಚೂರಿಯವನ್ನು ವಲಸೆಗೆ ಮುಚ್ಚಿದ್ದರು. ಕೊರಿಯದ ಜೊಸನ್ ಅರಸರು ಹೊಳೆ ದಾಟಿದವನಿಗೆ ಮರಣದಂಡನೆಯನ್ನು ವಿಧಿಸಿದ್ದರು. 1869–70ರ ಸುಮಾರಿನಲ್ಲಿ ಹಮ್‌ಗ್ಯೊಂಗ್ ಸೀಮೆಯನ್ನು ಕ್ಷಾಮ ಆವರಿಸಿದಾಗ ಹಸಿವು ಈ ಭಯವನ್ನು ಮೀರಿತು. 1880ರ ದಶಕದಲ್ಲಿ ಚಿಂಗ್ ಸರ್ಕಾರ ಆ ನೆಲವನ್ನು ಸಾಗುವಳಿಗೆ ತೆರೆಯಿತಾದರೂ, ಭೂಮಿಯ ಒಡೆತನ ಬೇಕೆಂಬ ಕೊರಿಯನ್ನರು ಮಂಚು ರೀತಿಯಲ್ಲಿ ಮುಂದಲೆ ಬೋಳಿಸಿ, ಜಡೆ ಬಿಟ್ಟು, ಉಡುಪು ಬದಲಿಸಿ ಪ್ರಜೆಗಳಾಗಬೇಕೆಂದು ಕೇಳಿತು. ರೈತರೂ ಒಂದು ಉಪಾಯವನ್ನು ಕಂಡುಕೊಂಡರು: ತಮ್ಮಲ್ಲೊಬ್ಬನನ್ನು ಪ್ರಜೆಯಾಗಿಸಿ, ಹಲವರ ಭೂಮಿಯನ್ನು ಅವನ ಹೆಸರಿನಲ್ಲಿ ಹಿಡಿದರು. 1909ರ ಒಪ್ಪಂದದಲ್ಲಿ ಜಪಾನು ತುಮೆನ್ ನದಿಯೇ ಗಡಿಯೆಂದು ಚೀನಕ್ಕೆ ಒಪ್ಪಿಕೊಟ್ಟಿತು. ಆದರೆ 1910ರಲ್ಲಿ ಕೊರಿಯವನ್ನು ನುಂಗಿದ ಮೇಲೆ, ಕೊರಿಯನ್ನರು ಬೇರೆ ದೇಶದ ಪ್ರಜೆಗಳಾದರೂ ತನ್ನ ಪ್ರಜೆಗಳೇ ಎಂದು ವಾದಿಸಿತು. ನೆಲದ ಗೆರೆ ಹೀಗೆ ನಿಶ್ಚಿತವಾಯಿತು. ಒಕ್ಕಲಿನ ಮೇಲಿನ ಹಕ್ಕು ಇಬ್ಬರ ಕೈಯಲ್ಲುಳಿಯಿತು.

1959ರಿಂದ ಭಾಗಭಾಗವಾಗಿ ಪ್ರಕಟವಾಗಿ 1967ರಲ್ಲಿ ಪೂರ್ಣಗೊಂಡ ‘ಬುಕ್‌ಗಾಂದೊ’ ನಾಲ್ಕು ತಲೆಮಾರುಗಳ ಕಥೆ. 1870ರಲ್ಲಿ ಕದ್ದು ಹೊಳೆ ದಾಟಿ ಬೇಸಾಯ ಮಾಡಿದ ಇ ಹನ್‌ಬೊಕ್ ಸಿಕ್ಕಿಬಿದ್ದಾಗ, ಆಚೆಯ ನೆಲವೂ ನಮ್ಮದೇ ಎಂದು ವಾದಿಸಿ ಗಡಿಗಲ್ಲನ್ನೇ ಸಾಕ್ಷಿಯಾಗಿ ಮುಂದಿಡುತ್ತಾನೆ. ಕಾದಂಬರಿಯ ಘೋಷಿತ ನಿಲುವು ಇದೇ. ಆದರೆ ಅದರ ಅತ್ಯಂತ ಸಮರ್ಥವಾದ ಸನ್ನಿವೇಶ ಮುಂದೆ ಬರುತ್ತದೆ. ಹನ್‌ಬೊಕ್‌ನ ಮೊಮ್ಮಗ ಚಾಂಗ್‌ಯುನ್ ಚೀನೀ ಜಮೀನ್ದಾರನ ಹೊಲದಲ್ಲಿ ಆಲೂಗೆಡ್ಡೆ ಕದ್ದು ಸಿಕ್ಕಿಬೀಳುತ್ತಾನೆ. ಅವರು ಹುಡುಗನಿಗೆ ಮಂಚು ಜಡೆ ಹೆಣೆದು, ಚೀನೀ ಉಡುಪು ತೊಡಿಸಿ ಮನೆಗೆ ಕಳುಹಿಸುತ್ತಾರೆ. ಮುದುಕ ಆ ಜಡೆಯನ್ನು ಕತ್ತರಿಸಿಹಾಕುತ್ತಾನೆ. ಆ ಆಘಾತದಲ್ಲೇ ಕುಸಿದು ಪ್ರಾಣಬಿಡುತ್ತಾನೆ. ಅಧಿಕಾರಿಯ ಮುಂದೆ ಮಾತಿನಿಂದ ಗೆದ್ದವನು ಮೊಮ್ಮಗನ ತಲೆಗೂದಲ ಮುಂದೆ ಸೋತನೆಂಬುದನ್ನು ಗಮನಿಸಬೇಕು. ಗಡಿಗಲ್ಲಿನ ಬರಹ ಆ ಮಗುವನ್ನು ಕಾಯಲಿಲ್ಲ. ಲೇಖಕರ ಕಲೆ ಇಲ್ಲಿ ಅವರ ವಾದವನ್ನು ಮೀರಿದೆ. ಉತ್ತರ ಭಾಗಗಳಲ್ಲಿ ಚಾರಿತ್ರಿಕ ಘಟನೆಗಳು ಒತ್ತೊತ್ತಾಗಿ ಬಂದು, ಪಾತ್ರಗಳು ಅವುಗಳ ಹಿಂದೆ ನಡೆಯತೊಡಗುತ್ತವೆ. ಈ ಸಾಂದ್ರತೆ ಅಲ್ಲಿ ಮರುಕಳಿಸುವುದಿಲ್ಲ.

ಗಾಂದೊದ ಲಾಂಗ್‌ಜಿಂಗ್ ಪಟ್ಟಣದಲ್ಲಿ ನೆಲಸಿದ್ದ ಕಾಂಗ್ ಅವರು ‘ಉಪ್ಪು’ ಕಥೆಯನ್ನು 1934ರಲ್ಲಿ ಪ್ರಕಟಿಸಿದರು. ಅದಕ್ಕೆ ಎರಡು ವರ್ಷ ಹಿಂದೆ ಜಪಾನು ತನ್ನ ಹಿಡಿತದ ಮಂಚುಕುವೊ ರಾಜ್ಯವನ್ನು ಅಲ್ಲಿ ಸ್ಥಾಪಿಸಿತ್ತು. ಹೀಗೆ ನದಿಯ ಎರಡು ದಡಗಳ ಮೇಲೂ ಒಂದೇ ಶಕ್ತಿಯ ಹಿಡಿತವಿದ್ದಿತು. ಆದರೂ ಗಡಿ ಅಳಿಯಲಿಲ್ಲ. ಉಪ್ಪಿನ ಬೆಲೆಯಲ್ಲಿ ಅದು ಉಳಿಯಿತು. ಕಥಾನಾಯಕಿಯನ್ನು ಬೊಂಗ್‌ಯೊಮ್‌ಳ ತಾಯಿಯೆಂದಷ್ಟೇ ನಾವು ಬಲ್ಲೆವು. ಗಂಡ, ಮಗ, ಹೆಣ್ಣುಮಕ್ಕಳು ಎಲ್ಲರನ್ನೂ ಕಳೆದುಕೊಂಡು, ಜಮೀನ್ದಾರನಿಂದ ಕೆಟ್ಟು, ಪರರ ಕೂಸಿಗೆ ಮೊಲೆಯೂಡಿ ಬದುಕಿದ ಈಕೆ ಕೊನೆಗೆ ಕೊರಿಯದ ಕಡೆಯ ಅಗ್ಗದ ಉಪ್ಪನ್ನು ಹೊತ್ತು ರಾತ್ರಿಯಲ್ಲಿ ತುಮೆನ್ ದಾಟುತ್ತಾಳೆ. ಮನೆ ಸೇರಿದ ಮೇಲೆ ಪೊಲೀಸರ ಕೈಗೆ ಸಿಕ್ಕುತ್ತಾಳೆ. ಆಕೆಯ ಅಪರಾಧ ಹೊಳೆ ದಾಟಿದುದಲ್ಲ. ಸರ್ಕಾರದ್ದಲ್ಲದ ಉಪ್ಪನ್ನು ಹೊತ್ತುದು. ಕಥೆಯ ಆರಂಭದಲ್ಲಿಯೇ ಉಪ್ಪಿಲ್ಲದ ಸಪ್ಪೆ ಅಡುಗೆಯ ಮಾತು ಬರುವುದರಿಂದ ಈ ಕೊನೆ ಆಕಸ್ಮಿಕವೆನಿಸುವುದಿಲ್ಲ. ಗಡಿಯ ಅರ್ಥವನ್ನು ಲೇಖಕಿ ಸಾರಿನ ಪಾತ್ರೆಯಿಂದಲೇ ಕಟ್ಟುತ್ತ ಬಂದಿದ್ದಾರೆ. ಪ್ರಕಟಣೆಯ ಕಾಲದಲ್ಲಿ ಕಥೆಯ ಅಂತ್ಯಭಾಗಕ್ಕೆ ಮಸಿ ಬಳಿಯಲಾಗಿತ್ತು. ದಶಕಗಳ ಅನಂತರ ವಿದ್ವಾಂಸರು ಅದನ್ನು ಓದಿ ತೆಗೆದರು.

ಆನ್ ಅವರ ನಾಯಕನಿಗೆ ವಂಶವಿದೆ, ಕಲ್ಲಿನ ಸಾಕ್ಷಿಯಿದೆ, ಹೇಳಿಕೊಳ್ಳಲು ಒಂದು ದೇಶವಿದೆ. ಕಾಂಗ್ ಅವರ ನಾಯಕಿಗೆ ಇವಾವುವೂ ಇಲ್ಲ. ಆದುದರಿಂದಲೇ ಗಡಿಯ ನಿಜರೂಪ ಆಕೆಯ ಕಥೆಯಲ್ಲಿ ನಿಚ್ಚಳವಾಗಿ ಕಾಣುತ್ತದೆ. ಆನ್ ಅವರು ಕಳೆದುಹೋದ ನೆಲವನ್ನು ನೆನೆದು ಬರೆದರು. ಕಾಂಗ್ ಅವರು ಆ ನೆಲದಲ್ಲಿ ನಿಂತು ಬರೆದರು. ಈ ಭೇದವನ್ನು ಮರೆತು ಒಬ್ಬರನ್ನು ಹಿರಿದು, ಇನ್ನೊಬ್ಬರನ್ನು ಕಿರಿದು ಮಾಡುವುದು ನ್ಯಾಯವಲ್ಲ. ಆದರೆ ‘ಬುಕ್‌ಗಾಂದೊ’ವನ್ನು ಭೂಮಿಯ ದಸ್ತಾವೇಜಿನಂತೆ ಓದುವವರು ಅದರ ಶ್ರೇಷ್ಠ ಪುಟಗಳನ್ನೇ ಕೈಬಿಟ್ಟಂತಾಗುತ್ತದೆ. ಗಡಿಯ ಸಾಹಿತ್ಯವನ್ನು ಅಭ್ಯಸಿಸುವ ನಮ್ಮ ವಿದ್ಯಾರ್ಥಿಗಳು ಒಪ್ಪಂದಗಳ ತೇದಿಗಳನ್ನು ತಿಳಿದಿರಬೇಕು, ನಿಜ. ಅದರೊಡನೆ ಆ ತೇದಿಗಳು ಯಾರ ತಲೆಯ ಮೇಲೆ ಹೊರೆಯಾದುವೆಂಬುದನ್ನೂ ಕೇಳಬೇಕು. ಆ ಪ್ರಶ್ನೆಗೆ ಈ ಎರಡು ಕೃತಿಗಳು ಕೊಡುವ ಉತ್ತರವನ್ನು ಭೂಪಟದಲ್ಲಿ ಕಾಣಲಾಗದು.