ಕುರ್ಸ್ಕ್ ರಕ್ಷಣಾಯೋಜನೆ: ಒಂದು ತೀರ್ಪಿನ ಮರುಪರಿಶೀಲನೆ

ರಷ್ಯದ ಕುರ್ಸ್ಕ್ ಪ್ರದೇಶದಲ್ಲಿ 1943ರ ಜುಲೈ 5ರಂದು ಆರಂಭವಾದ ಕದನವನ್ನು ವಿಮರ್ಶಿಸುವವರು, ಉತ್ತರಭಾಗವನ್ನು ಕಾಯ್ದ ಸೋವಿಯತ್ ಸೇನಾನಿ ರೊಕೊಸ್ಸೊವ್‌ಸ್ಕಿಯನ್ನು ಹೊಗಳಿ ದಕ್ಷಿಣಭಾಗದ ವತೂತಿನನನ್ನು ಹಳಿಯುವುದು ವಾಡಿಕೆಯಾಗಿದೆ. ಮೊದಲನೆಯವನು ಶತ್ರು ಬರುವ ದಾರಿಯನ್ನು ಊಹಿಸಿ, ಫಿರಂಗಿಗಳನ್ನೂ ನೆಲಬಾಂಬುಗಳನ್ನೂ 13ನೆಯ ಸೇನೆಯ ಕಿರಿದಾದ ವಲಯದಲ್ಲಿ ಒಟ್ಟುಗೂಡಿಸಿದನು. ಎರಡನೆಯವನು ಅವನ್ನು ಅಗಲವಾಗಿ ಹರಡಿದನು. ಆದುದರಿಂದಲೇ ಜರ್ಮನರು ಉತ್ತರದಲ್ಲಿ 15 ಕಿಲೋಮೀಟರನ್ನು ಮೀರಲಾರದೆ, ದಕ್ಷಿಣದಲ್ಲಿ ಸುಮಾರು 35 ಕಿಲೋಮೀಟರು ಒಳನುಗ್ಗಿದರು ಎಂಬುದು ಅವರ ವಾದ.

ಈ ಸಂಗತಿಗಳನ್ನು ನಾವು ಅಲ್ಲಗಳೆಯುವುದಿಲ್ಲ. ತೀರ್ಪನ್ನು ಮಾತ್ರ ಒಪ್ಪಲಾರೆವು. ನೆಲಬಾಂಬುಗಳ ಸಾಲು ಶತ್ರುವನ್ನು ಕೆಲಹೊತ್ತು ತಡೆದು ನಿಲ್ಲಿಸಬಲ್ಲುದು, ಅಷ್ಟೆ. ಆ ಹೊತ್ತಿನಲ್ಲಿ ಅವನ ಮೇಲೆ ಗುಂಡು ಬೀಳದಿದ್ದರೆ ಅವನು ಅವನ್ನು ಕಿತ್ತು ದಾರಿ ಮಾಡಿಕೊಳ್ಳುವನು. ಆದುದರಿಂದ ಇಂಜಿನಿಯರ್ ದಳದ ಕೆಲಸವೂ ಫಿರಂಗಿದಳದ ಕೆಲಸವೂ ಒಂದೇ ನಕ್ಷೆಯಲ್ಲಿ ಹೊಂದಿಕೊಳ್ಳಬೇಕು. ಈ ಹೊಂದಿಕೆ ಎರಡು ಕಡೆಯೂ ಇದ್ದಿತು. ಆದರೆ ದಕ್ಷಿಣದ ತೆರೆದ ಬಯಲಿನಲ್ಲಿ ಟ್ಯಾಂಕುಗಳಿಗೆ ಹಲವು ದಾರಿಗಳಿದ್ದವು. ಅಲ್ಲಿ ಎರಗಿದ ಜರ್ಮನ್ ಟ್ಯಾಂಕುಬಲವೂ ಹೆಚ್ಚಿನದು. ಹಲವು ದಾರಿಗಳನ್ನು ಕಾಯಬೇಕಾದವನು ಒಂದರಲ್ಲೇ ಬಲವನ್ನೆಲ್ಲ ಕೂಡಿಸಲಾರನು.

ಗಾಯಗೊಂಡು 1944ರ ಏಪ್ರಿಲಿನಲ್ಲಿ ಮಡಿದ ವತೂತಿನನಿಗೆ ತನ್ನ ಸಮರ್ಥನೆಯನ್ನು ಬರೆಯುವ ಅವಕಾಶವೇ ದೊರೆಯಲಿಲ್ಲ. ಅವನ ಯೋಜನೆಯನ್ನು ಅವನು ಕಾಯ್ದ ನೆಲದೊಡನೆ ಇಟ್ಟು ತೂಗುವುದು ವಿಮರ್ಶಕರ ಹೊಣೆಯೆಂದು ನಾವು ಭಾವಿಸುತ್ತೇವೆ.