ಮಳೆಯಲ್ಲಿ ನೆನೆಯುವ ಮಾಂತ್ರಿಕ

ಕ್ಯಾರಾಧ್ರಾಸ್ ಬೆಟ್ಟದಲ್ಲಿ ಒಂಬತ್ತು ಮಂದಿ ಹಿಮಪಾತಕ್ಕೆ ಸಿಕ್ಕಿಬಿದ್ದಿದ್ದಾರೆ. ಹೊತ್ತು ತಂದ ಸೌದೆ ತೊಯ್ದುಹೋಗಿದೆ, ಎಷ್ಟು ಒದ್ದಾಡಿದರೂ ಕಿಡಿ ಹತ್ತುತ್ತಿಲ್ಲ. ಮಹಾಮಾಂತ್ರಿಕ ಗ್ಯಾಂಡಾಲ್ಫ್ ಜೊತೆಯಲ್ಲೇ ಇದ್ದಾನೆ. ಆದರೂ ಕೋಲೆತ್ತಲು ಮೀನಮೇಷ ಎಣಿಸುತ್ತಾನೆ. ವಿಧಿಯಿಲ್ಲದೆ ಬೆಂಕಿ ಹೊತ್ತಿಸಿದ ಮೇಲೂ ಅವನಿಗೆ ನೆಮ್ಮದಿಯಿಲ್ಲ. ಮಂತ್ರದ ಗುರುತು ಓದಬಲ್ಲ ಶತ್ರು ಎಷ್ಟು ದೂರದಲ್ಲಿದ್ದರೂ, ಅವನಿಗೆ ತಾನು ಎಲ್ಲಿದ್ದೇನೆಂದು ಸಾರಿದಂತಾಯಿತಲ್ಲ!

ಎಲ್ಫ್‌ಗಳೂ ಮಾಂತ್ರಿಕರೂ ತುಂಬಿದ ಹೈ ಫ್ಯಾಂಟಸಿಯಲ್ಲಿ ಮಂತ್ರ ಹಾಕಿದರೆ ಎಲ್ಲ ಸಲೀಸು ಎಂಬುದು ಅದನ್ನು ಓದದವರ ಎಣಿಕೆ. ಮೇಲಿನ ದೃಶ್ಯ ಬರುವ ಟೋಲ್ಕಿನ್‌ರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (1954–55) ಓದಿದವರಿಗೆ ಗೊತ್ತು, ಅಲ್ಲಿ ಮಂತ್ರ ಅಪರೂಪ. ಸಾವಿರ ಪುಟದ ಬಹುಪಾಲು ನಡಿಗೆ, ಹಸಿವು, ಸುಸ್ತು. ಆ ಜಿಪುಣತನವೇ ಓದುಗನನ್ನು ಹಿಡಿದಿಡುತ್ತದೆ.

ಅಮೆರಿಕದ ಉರ್ಸುಲಾ ಲ ಗ್ವಿನ್ ಇದನ್ನು ಇನ್ನೂ ಬಿಗಿಮಾಡಿದರು. ‘ಎ ವಿಝರ್ಡ್ ಆಫ್ ಅರ್ಥ್‌ಸೀ’ಯ (1968) ಹುಡುಗ ಗೆಡ್, ಗುರು ಒಗಿಯಾನ್ ಹಿಂದೆ ಕಾಡು ಸುತ್ತುತ್ತಾನೆ. ಮಳೆ ಬರುತ್ತದೆ. ಮೋಡವನ್ನು ಆಚೆ ಅಟ್ಟುವುದು ಅಲ್ಲಿನ ಕಿರಿಯ ಮಾಂತ್ರಿಕರಿಗೂ ಗೊತ್ತಿರುವ ವಿದ್ಯೆ. ಭೂಕಂಪವನ್ನೇ ತಡೆದವನೆಂದು ಹೆಸರಾದ ಒಗಿಯಾನ್ ಮಾತ್ರ ಸುಮ್ಮನೆ ನೆನೆಯುತ್ತಾ ಮಲಗುತ್ತಾನೆ. ಹುಡುಗನಿಗೆ ಉರಿ ಹತ್ತುತ್ತದೆ. ಮುಂದೆ ಅದೇ ಹುಡುಗ ಜಂಬಕ್ಕೆ ಬಿದ್ದು ಸತ್ತವರ ಲೋಕದಿಂದ ಆತ್ಮವೊಂದನ್ನು ಕರೆದಾಗ ಕರಾಳ ನೆರಳೊಂದು ನುಗ್ಗಿ ಅವನ ಮುಖ ಸೀಳುತ್ತದೆ; ಎರಡು ಲೋಕಗಳ ನಡುವೆ ತೆರೆದ ಬಿರುಕು ಮುಚ್ಚಲು ಹೋದ ಹಿರಿಯ ಮಾಂತ್ರಿಕ ಪ್ರಾಣ ಬಿಡುತ್ತಾನೆ. ಗುರು ಮಳೆಯಲ್ಲಿ ಯಾಕೆ ನೆನೆದ ಎಂದು ಓದುಗನಿಗೆ ಅರ್ಥವಾಗುವುದು ಆಗಲೇ.

ಇನ್ನು ಎಲ್ಫ್‌ಗಳು. ಚೂಪು ಕಿವಿ, ಗುರಿತಪ್ಪದ ಬಿಲ್ಲು ಎಂಬುದು ಸಿನಿಮಾ ಪೋಸ್ಟರಿನ ಮಾತಾಯಿತು. ಟೋಲ್ಕಿನ್‌ರ ಎಲ್ಫ್‌ಗಳಿಗೆ ಮುಪ್ಪಿನ ಸಾವಿಲ್ಲ, ಲೋಕ ಇರುವವರೆಗೆ ಅದರ ಹಂಗಿನಿಂದ ಬಿಡುಗಡೆಯೂ ಇಲ್ಲ. ಕಥೆಯ ಕೇಂದ್ರದಲ್ಲಿರುವ ಶತ್ರುವಿನ ಮಹಾ ಉಂಗುರ ನಾಶವಾದರೆ ಅವರ ಮೂರು ಉಂಗುರಗಳೂ ಸತ್ವ ಕಳೆದುಕೊಳ್ಳುತ್ತವೆ. ಗೆದ್ದರೂ ತನ್ನ ಕಾಡುನಾಡು ಲೋಥ್ಲೋರಿಯೆನ್ ಮಂಕಾಗುತ್ತದೆಂದು ತಿಳಿದೇ ಎಲ್ಫ್‌ಗಳ ಒಡತಿ ಗ್ಯಾಲಡ್ರಿಯೆಲ್, ಕೈಗೆ ಬಂದ ಆ ಮಹಾ ಉಂಗುರವನ್ನು ಬೇಡವೆನ್ನುತ್ತಾಳೆ. ಇಡೀ ಕಾದಂಬರಿಯಲ್ಲಿ ಇದಕ್ಕಿಂತ ದೊಡ್ಡ ಯುದ್ಧ ಇಲ್ಲ.

ಆ ವಿಷಾದ ಹಗುರವಾಗಿ ಹುಟ್ಟಿದ್ದಲ್ಲ. 1916ರ ಸೋಮ್ ಕದನದಿಂದ ಜ್ವರ ಹಿಡಿದು ಮರಳಿದ ಟೋಲ್ಕಿನ್, ಎಲ್ಫ್‌ಗಳ ಗೊಂಡೋಲಿನ್ ನಗರ ಉರುಳಿದ ಕಥೆಯನ್ನು ಚೇತರಿಕೆಯ ದಿನಗಳಲ್ಲೇ ಬರೆದರು. ಫಿನ್ನಿಶ್, ವೆಲ್ಶ್ ಭಾಷೆಗಳ ನಾದಕ್ಕೆ ಮರುಳಾಗಿ ಎಲ್ಫ್‌ಗಳಿಗೆ ಕ್ವೆನ್ಯಾ, ಸಿಂಡರಿನ್ ಎಂಬ ನುಡಿಗಳನ್ನೂ ಕಟ್ಟಿದರು. ಅನುಕರಿಸಿದವರು ಕಿವಿ, ಬಿಲ್ಲುಗಳನ್ನು ಎರವಲು ಪಡೆದು ಈ ದುಃಖವನ್ನು ಅಲ್ಲೇ ಬಿಟ್ಟುಬಂದದ್ದಕ್ಕೇ ಅಂಗಡಿಯ ಕಪಾಟಿನ ಅರ್ಧ ಪುಸ್ತಕಗಳು ಸಪ್ಪೆ.

ಹೊಸಬರು ಅರ್ಥ್‌ಸೀಯಿಂದ ಶುರುಮಾಡುವುದು ಒಳ್ಳೆಯದು; ತೆಳ್ಳಗಿದೆ, ಒಂದು ವಾರಾಂತ್ಯಕ್ಕೆ ಮುಗಿಯುತ್ತದೆ. ಆಮೇಲೆ ‘ದಿ ಹಾಬಿಟ್’ (1937), ಅದರ ಬೆನ್ನಿಗೆ ಉಂಗುರದ ಮೂರು ಸಂಪುಟ. ‘ದಿ ಸಿಲ್ಮರಿಲಿಯನ್’ (1977) ಮಾತ್ರ ಕೊನೆಗಿರಲಿ, ಮೊದಲೇ ಎತ್ತಿಕೊಂಡರೆ ಹೆಸರುಗಳ ಸಂತೆಯಲ್ಲಿ ಕಳೆದುಹೋಗುವುದು ಖಾತ್ರಿ.