ಫೋಟೊದಿಂದ ಹೊರಗುಳಿದ ಸೆರಗು

ಬಾಗಲಕೋಟೆ, ಬಾದಾಮಿ, ಹುನಗುಂದ ಕಡೆಯ ಮನೆಗಳಲ್ಲಿರುವ ಹಳೆಯ ಕಪ್ಪು-ಬಿಳುಪು ಕುಟುಂಬ ಫೋಟೊಗಳಲ್ಲಿ ಇಳಕಲ್ ಸೀರೆಯನ್ನು ಬಣ್ಣವಿಲ್ಲದೆಯೂ ಗುರುತಿಸಬಹುದು. ಕೆಂಪು ಸೆರಗು ಕಪ್ಪಾಗಿದ್ದರೂ ಅದರೊಳಗಿನ ಬಿಳಿ ತೆನೆ ಹಣಿಗೆಯ ಹಲ್ಲಿನಂತೆ ಎದ್ದು ಕಾಣುತ್ತದೆ. ಹಿಂದೂ, ಮುಸ್ಲಿಂ ಎನ್ನದೆ ಅಜ್ಜಿಯರು ಅದನ್ನೇ ತಲೆಗೆ ಹೊದ್ದು ನಡುವೆ ಕೂತಿರುತ್ತಾರೆ.

ಈಗ ಸ್ಟುಡಿಯೋಗೆ ಹೊರಟರೆ ಮನೆಮಂದಿಗೆಲ್ಲ ಒಂದೇ ಬಣ್ಣದ ಬಟ್ಟೆ. 'ಮ್ಯಾಚ್ ಆಗಂಗಿಲ್ಲ, ಬ್ಯಾರೆ ಸೀರಿ ಉಡಬೇ' ಎಂದು ಅಜ್ಜಿಗೆ ಹೇಳಿದವರಲ್ಲಿ ನಾವೂ ಇದ್ದೇವೆ. ಶಾಲೆಯ ಕಾರ್ಯಕ್ರಮಕ್ಕೆ ಮಾತ್ರ ಮೊಮ್ಮಗಳಿಗೆ ಅದೇ ಸೀರೆ, ಗುಳೇದಗುಡ್ಡದ ಖಣ, ವೇಷವೆಂದು!

ಇಳಕಲ್ ನೇಕಾರರು ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಒಡಲು ಒಂದು ಬಣ್ಣ, ಸೆರಗು ಇನ್ನೊಂದು. ಮ್ಯಾಚ್ ಆಗದಿರುವುದೇ ಅದರ ಚೆಲುವು. ಅಜ್ಜನ ಬಿಳಿ ಜುಬ್ಬಾದ ಪಕ್ಕ ಅದೇನೂ ಕೆಟ್ಟು ಕಾಣುವುದಿಲ್ಲ.